ಮಾತಿನ ಚಿಕಿತ್ಸೆಯ ವ್ಯಾಸಂಗ: ಕೈಗೆಟಕುವ ದಾರಿ ಯಾವುದು?

ಒಂದು ಸಣ್ಣ ಪ್ರಯೋಗದಿಂದ ಆರಂಭಿಸೋಣ. 'ಕ' ಎಂದು ನಿಧಾನವಾಗಿ ಉಚ್ಚರಿಸಿ. ನಾಲಿಗೆಯ ಹಿಂಭಾಗ ಮೇಲೆದ್ದು ಮೃದುವಾದ ಅಂಗುಳಿಗೆ ತಾಗುವುದು ನಿಮ್ಮ ಗಮನಕ್ಕೆ ಬರುತ್ತದೆ. ಈಗ 'ತ' ಎನ್ನಿ. ಈ ಬಾರಿ ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂಬದಿಯನ್ನು ಮುಟ್ಟುತ್ತದೆ. ಎರಡೂ ಅಲ್ಪಪ್ರಾಣಗಳು, ಎರಡರಲ್ಲೂ ಉಸಿರನ್ನು ಕ್ಷಣಕಾಲ ತಡೆದು ಬಿಡುತ್ತೇವೆ. ವ್ಯತ್ಯಾಸವಿರುವುದು ನಾಲಿಗೆ ಮುಟ್ಟುವ ಜಾಗದಲ್ಲಿ ಮಾತ್ರ. ನಮ್ಮ ವರ್ಣಮಾಲೆಯ ವರ್ಗೀಯ ವ್ಯಂಜನಗಳ ಐದು ಸಾಲುಗಳು ಈ ಜಾಗವನ್ನೇ ಆಧರಿಸಿವೆ. ಗಂಟಲ ಬಳಿಯಿಂದ ಹೊರಟು ತುಟಿಯವರೆಗೆ ಕ, ಚ, ಟ, ತ, ಪ ಎಂದು ಅವು ಸಾಗುತ್ತವೆ.

ಈಗ ನಿಮ್ಮ ಶಾಲೆಯ ಎರಡನೆಯ ತರಗತಿಯನ್ನು ನೆನಪಿಸಿಕೊಳ್ಳಿ. ಅಲ್ಲಿ ಒಂದು ಮಗು 'ಕಾಗೆ' ಎನ್ನಲು ಹೋಗಿ 'ತಾದೆ' ಎನ್ನುತ್ತದೆ. ಉಳಿದ ಮಕ್ಕಳು ನಗುತ್ತಾರೆ. ಮೂರು ವರ್ಷದ ಮಗು ಹೀಗೆ ಹೇಳಿದರೆ ಅದು ಬೆಳವಣಿಗೆಯ ಒಂದು ಹಂತ. ಏಳು ವರ್ಷದ ಮಗು ಹೀಗೇ ಹೇಳುತ್ತಿದ್ದರೆ ಪರೀಕ್ಷೆ ಅಗತ್ಯ. ಮಗುವಿನ ಶ್ರವಣ ಸರಿಯಾಗಿದೆಯೇ? ನಾಲಿಗೆಯ ಚಲನೆ ಸರಿಯಾಗಿದೆಯೇ? ಅಥವಾ 'ಕ' ಮತ್ತು 'ತ' ಬೇರೆ ಬೇರೆ ಎಂಬ ಅರಿವೇ ಮೂಡಿಲ್ಲವೇ? ಇದನ್ನು ಗುರುತಿಸಿ, ತಿದ್ದುವ ವಿಧಾನವನ್ನು ಬಲ್ಲವರೇ ವಾಕ್-ಭಾಷಾ ತಜ್ಞರು. ಜನಸಾಮಾನ್ಯರು ಇವರನ್ನು ಸ್ಪೀಚ್ ಥೆರಪಿಸ್ಟ್ ಎನ್ನುತ್ತಾರೆ.

ಉಚ್ಚಾರಣೆಯ ದೋಷ ಇವರ ಕೆಲಸದ ಒಂದು ಭಾಗ ಮಾತ್ರ. ತೊದಲುವಿಕೆ, ಸೀಳು ಅಂಗುಳಿನಿಂದ ಮಾತು ಮೂಗಿನಲ್ಲಿ ಬರುವುದು, ಶ್ರವಣದೋಷವಿರುವ ಮಕ್ಕಳ ಭಾಷಾ ಕಲಿಕೆ, ಆಟಿಸಂ ಇರುವ ಮಕ್ಕಳ ಸಂವಹನ, ಪಾರ್ಶ್ವವಾಯುವಿನ ನಂತರ ಮಾತು ಕಳೆದುಕೊಂಡವರು, ದಿನವಿಡೀ ಪಾಠ ಹೇಳಿ ಧ್ವನಿ ಒಡೆದುಕೊಂಡ ಶಿಕ್ಷಕರು, ಇವರೆಲ್ಲರೂ ಈ ತಜ್ಞರ ಬಳಿಗೆ ಬರುತ್ತಾರೆ. ಆಹಾರ ನುಂಗುವ ತೊಂದರೆಗೂ ಇವರೇ ಚಿಕಿತ್ಸೆ ನೀಡುತ್ತಾರೆ, ಏಕೆಂದರೆ ಮಾತಿಗೂ ನುಂಗುವುದಕ್ಕೂ ಬಳಕೆಯಾಗುವ ಸ್ನಾಯುಗಳು ಬಹುಪಾಲು ಒಂದೇ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ವಾಕ್ ದೋಷವಿರುವವರು ಸುಮಾರು 20 ಲಕ್ಷ, ಶ್ರವಣದೋಷವಿರುವವರು ಸುಮಾರು 50 ಲಕ್ಷ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು.

ಭೌತಶಾಸ್ತ್ರ ಕಲಿಸುವ ನಾನು ಈ ವಿಷಯ ಬರೆಯಲು ಎರಡು ಕಾರಣಗಳಿವೆ. ಪ್ರತಿ ವರ್ಷ ಪಿ.ಯು. ಫಲಿತಾಂಶ ಬಂದೊಡನೆ, "ಸರ್, ಮೆಡಿಕಲ್ ಸೀಟು ಸಿಗುವಂತಿಲ್ಲ, ಮುಂದೇನು?" ಎಂದು ಕೇಳುವ ವಿದ್ಯಾರ್ಥಿಗಳಿರುತ್ತಾರೆ. ಅವರಿಗೆ ಹೇಳಬಹುದಾದ ಒಳ್ಳೆಯ ಉತ್ತರಗಳಲ್ಲಿ ಇದೂ ಒಂದು. ಎರಡನೆಯ ಕಾರಣ, ಇದೇ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಸಲಹೆ ಕೊಟ್ಟದ್ದು. ಅದನ್ನು ಮುಂದೆ ಹೇಳುತ್ತೇನೆ.

ಗಂಟಲೊಳಗಿನ ಕೊಳವೆ

ವಿಜ್ಞಾನದ ವಿದ್ಯಾರ್ಥಿಗೆ ಈ ವಿಷಯ ಎಷ್ಟು ಹತ್ತಿರದ್ದು ಎಂಬುದನ್ನು ಮೊದಲು ನೋಡಿ. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಗಾಳಿಯ ಅನುರಣನೆಯನ್ನು ನೀವು ಪಿ.ಯು. ತರಗತಿಯಲ್ಲಿ ಓದಿದ್ದೀರಿ. ಶಬ್ದದ ವೇಗವನ್ನು ಕೊಳವೆಯ ಉದ್ದದ ನಾಲ್ಕರಷ್ಟರಿಂದ ಭಾಗಿಸಿದರೆ ಮೊದಲ ಅನುರಣನೆಯ ಆವೃತ್ತಿ ಸಿಗುತ್ತದೆ. ಉಳಿದವು ಅದರ ಮೂರರಷ್ಟು, ಐದರಷ್ಟು ಎಂದು ಬೆಸ ಗುಣಕಗಳಾಗಿರುತ್ತವೆ.

ವಯಸ್ಕ ಪುರುಷನ ಧ್ವನಿಪೆಟ್ಟಿಗೆಯಿಂದ ತುಟಿಯವರೆಗಿನ ಹಾದಿ ಸುಮಾರು 17.5 ಸೆಂ.ಮೀ. ಉದ್ದದ ಕೊಳವೆ ಎನ್ನೋಣ. ಧ್ವನಿತಂತುಗಳ ಕಡೆಯ ತುದಿ ಹೆಚ್ಚು ಕಡಿಮೆ ಮುಚ್ಚಿದ್ದು, ತುಟಿಯ ಕಡೆಯದು ತೆರೆದದ್ದು. ದೇಹದ ಉಷ್ಣತೆಯ ತೇವದ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಲೆಕ್ಕ ಹಾಕಿ: 350ನ್ನು 0.7ರಿಂದ ಭಾಗಿಸಿದರೆ 500 ಹರ್ಟ್ಸ್. ಮುಂದಿನವು 1500, 2500. ನಾಲಿಗೆಯನ್ನು ಎಲ್ಲೂ ಎತ್ತದೆ, ಬಾಯನ್ನು ಸಡಿಲವಾಗಿ ತೆರೆದು ಹೊರಡಿಸಿದ ಸ್ವರದಲ್ಲಿ ಉಪಕರಣ ತೋರಿಸುವ ಅನುರಣನೆಗಳು ಇವಕ್ಕೆ ಹತ್ತಿರವಾಗಿಯೇ ಇರುತ್ತವೆ. ಇವನ್ನು ಫಾರ್ಮೆಂಟ್‌ಗಳೆಂದು ಕರೆಯುತ್ತಾರೆ.

ನಾಲಿಗೆ, ತುಟಿಗಳನ್ನು ಆಡಿಸಿದಾಗ ಕೊಳವೆಯ ಆಕಾರ ಬದಲಾಗುತ್ತದೆ, ಫಾರ್ಮೆಂಟ್‌ಗಳು ಸ್ಥಳ ಬದಲಿಸುತ್ತವೆ. 'ಈ' ಎಂದಾಗ ಮೊದಲನೆಯದು ಸುಮಾರು 300 ಹರ್ಟ್ಸ್‌ಗೆ ಇಳಿದು ಎರಡನೆಯದು 2000ವನ್ನು ದಾಟುತ್ತದೆ. 'ಆ' ಎಂದಾಗ ಮೊದಲನೆಯದು 700ರ ಸುಮಾರಿಗೆ ಏರುತ್ತದೆ, ಎರಡನೆಯದು 1200ರ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಕಿವಿ 'ಆ' ಮತ್ತು 'ಈ'ಗಳನ್ನು ಬೇರೆ ಮಾಡುವುದು ಮುಖ್ಯವಾಗಿ ಈ ಜೋಡಿಗಳಿಂದ. ವಾಕ್-ಭಾಷಾ ತಜ್ಞರು ರೋಗಿಯ ಧ್ವನಿಯನ್ನು ಗಣಕಯಂತ್ರದಲ್ಲಿ ವಿಶ್ಲೇಷಿಸುವಾಗ ಓದುವುದು ಇದೇ ಚಿತ್ರವನ್ನು. ಇದಕ್ಕೆ ಅಂಗರಚನೆ, ನರವಿಜ್ಞಾನ, ಭಾಷಾವಿಜ್ಞಾನ, ಮನೋವಿಜ್ಞಾನಗಳು ಸೇರಿದರೆ ಈ ವ್ಯಾಸಂಗದ ಪಠ್ಯಕ್ರಮ ನಿಮ್ಮ ಕಣ್ಣ ಮುಂದಿದೆ.

ಮೆಟ್ಟಿಲುಗಳು ಎಷ್ಟು?

ನಮ್ಮ ದೇಶದಲ್ಲಿ ಈ ಕ್ಷೇತ್ರದ ಮೊದಲ ವೃತ್ತಿಪರ ಮೆಟ್ಟಿಲು ಬಿ.ಎ.ಎಸ್‌.ಎಲ್‌.ಪಿ., ಅಂದರೆ ಶ್ರವಣವಿಜ್ಞಾನ ಮತ್ತು ವಾಕ್-ಭಾಷಾ ರೋಗವಿಜ್ಞಾನದ ಪದವಿ. ಒಟ್ಟು ನಾಲ್ಕು ವರ್ಷ, ಅದರಲ್ಲಿ ಕೊನೆಯ ವರ್ಷ ಇಂಟರ್ನ್‌ಷಿಪ್. ಪಿ.ಯು.ನಲ್ಲಿ ವಿಜ್ಞಾನ ಓದಿರಬೇಕು. ಭೌತ ಮತ್ತು ರಸಾಯನ ಶಾಸ್ತ್ರಗಳ ಜೊತೆಗೆ ಜೀವಶಾಸ್ತ್ರ ಅಥವಾ ಗಣಿತದಂತಹ ಇನ್ನೊಂದು ವಿಷಯವನ್ನು ಸಂಸ್ಥೆಗಳು ಕೇಳುತ್ತವೆ. ಜೀವಶಾಸ್ತ್ರ ಓದದವರಿಗೆ ಬಾಗಿಲು ಮುಚ್ಚಿದೆ ಎಂಬುದು ತಪ್ಪು ತಿಳಿವಳಿಕೆ.

ಎರಡನೆಯ ಮೆಟ್ಟಿಲು ಎರಡು ವರ್ಷಗಳ ಸ್ನಾತಕೋತ್ತರ ಪದವಿ. ಕೆಲವೆಡೆ ಶ್ರವಣವಿಜ್ಞಾನ ಒಂದು, ವಾಕ್-ಭಾಷಾ ರೋಗವಿಜ್ಞಾನ ಇನ್ನೊಂದು ಎಂದು ಎರಡು ಪ್ರತ್ಯೇಕ ಎಂ.ಎಸ್ಸಿ. ಪದವಿಗಳಿವೆ. ಇನ್ನು ಕೆಲವೆಡೆ ಎರಡೂ ಸೇರಿದ ಒಂದೇ ಪದವಿಯಿದೆ. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಭೌತಶಾಸ್ತ್ರದಲ್ಲೋ ಪ್ರಾಣಿಶಾಸ್ತ್ರದಲ್ಲೋ ಬಿ.ಎಸ್ಸಿ. ಮಾಡಿದವರು ನಮ್ಮಲ್ಲಿ ನೇರವಾಗಿ ಈ ಎಂ.ಎಸ್ಸಿ.ಗೆ ಸೇರಲಾಗದು. ಬಿ.ಎ.ಎಸ್‌.ಎಲ್‌.ಪಿ. ಅಥವಾ ಅದಕ್ಕೆ ಸಮನಾದ ವಾಕ್ ಮತ್ತು ಶ್ರವಣ ಪದವಿ ಇರಲೇಬೇಕು. ಆದ್ದರಿಂದ ಖರ್ಚಿನ ಯೋಚನೆ ಪಿ.ಯು. ಮುಗಿದಾಗಲೇ ಆರಂಭವಾಗಬೇಕು. ಎರಡು ವರ್ಷದ ಲೆಕ್ಕ ಸಾಲದು, ಆರು ವರ್ಷದ ಲೆಕ್ಕ ಬೇಕು.

ಆದರೆ ಆರು ವರ್ಷವನ್ನೂ ಒಂದೇ ಉಸಿರಿನಲ್ಲಿ ಓದಬೇಕೆಂಬ ನಿಯಮವಿಲ್ಲ. ಬಿ.ಎ.ಎಸ್‌.ಎಲ್‌.ಪಿ. ಮುಗಿಸಿ ನೋಂದಾಯಿಸಿಕೊಂಡವರು ಭಾರತದಲ್ಲಿ ವೃತ್ತಿ ನಡೆಸಬಹುದು. ಬಡ ಕುಟುಂಬದ ವಿದ್ಯಾರ್ಥಿ ಒಂದೆರಡು ವರ್ಷ ಆಸ್ಪತ್ರೆಯಲ್ಲೋ ವಿಶೇಷ ಶಾಲೆಯಲ್ಲೋ ದುಡಿದು, ಸ್ವಲ್ಪ ಹಣ ಕೂಡಿಸಿಕೊಂಡು ಎಂ.ಎಸ್ಸಿ.ಗೆ ಹೋಗುವುದು ಜಾಣತನದ ದಾರಿ. ರೋಗಿಗಳನ್ನು ಕಂಡ ಅನುಭವ ಎಂ.ಎಸ್ಸಿ. ಪಾಠವನ್ನು ಇನ್ನಷ್ಟು ಅರ್ಥಪೂರ್ಣವಾಗಿಸುತ್ತದೆ.

ನಾನು ಮಾಡಿದ ತಪ್ಪು

ಈಗ ಆ ತಪ್ಪಿನ ಮಾತು. ಹಲವು ವರ್ಷಗಳ ಹಿಂದೆ ನನ್ನಲ್ಲಿ ಪಿ.ಯು. ಓದಿದ ಒಬ್ಬ ಹುಡುಗಿಗೆ ಹುಟ್ಟಿನಿಂದಲೇ ಕಿವಿ ಕೇಳದ ಪುಟ್ಟ ತಮ್ಮನಿದ್ದ. ಅವನಿಗೆ ಮಾತು ಕಲಿಸಬೇಕೆಂಬ ಆಸೆಯಿಂದಲೇ ಅವಳು ಈ ವಿಷಯ ಓದಲು ಬಯಸಿದ್ದಳು. ಅವಳ ತಂದೆಯದು ತಾಲ್ಲೂಕು ಕೇಂದ್ರದಲ್ಲಿ ಸಣ್ಣ ಹೋಟೆಲು. ಒಂದು ದಿನ ಅಪ್ಪ, ಮಗಳು ಇಬ್ಬರೂ ಒಂದು ಕರಪತ್ರ ಹಿಡಿದು ಬಂದರು. ಮಾತಿನ ಚಿಕಿತ್ಸೆಯ ಅಲ್ಪಾವಧಿ ಕೋರ್ಸು, ಕಡಿಮೆ ಶುಲ್ಕ, ಮುಗಿದೊಡನೆ ಕೆಲಸ ಎಂದು ಅದರಲ್ಲಿತ್ತು. "ಮೇಷ್ಟ್ರೇ, ನೀವು ಹೇಗೆ ಹೇಳಿದರೆ ಹಾಗೆ" ಎಂದರು ತಂದೆ. ನಾನು ಶುಲ್ಕದ ಅಂಕಿಯನ್ನಷ್ಟೇ ನೋಡಿದೆ. "ಕಡಿಮೆಗೆ ಸಿಗುತ್ತಿದೆ, ಸೇರಿಸಿ" ಎಂದೆ.

ಕೋರ್ಸು ಮುಗಿಸಿ ಅವಳು ಒಂದು ಆಸ್ಪತ್ರೆಗೆ ಅರ್ಜಿ ಹಾಕಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ನೋಂದಣಿ ಸಂಖ್ಯೆ ಎಷ್ಟು ಎಂಬುದು. ಅದು ಅವಳಲ್ಲಿರಲಿಲ್ಲ, ಆ ಪ್ರಮಾಣಪತ್ರಕ್ಕೆ ಸಿಗುವಂತೆಯೂ ಇರಲಿಲ್ಲ. "ಸರ್, ನಾನು ಓದಿದ್ದು ಲೆಕ್ಕಕ್ಕೇ ಇಲ್ಲವಂತೆ" ಎಂದು ನನ್ನ ಮುಂದೆ ನಿಂತಾಗ ನನಗೆ ಉತ್ತರ ಹೊಳೆಯಲಿಲ್ಲ. ಹೋದದ್ದು ಹಣ ಮಾತ್ರವಲ್ಲ. ಮಗುವಿನ ಮೊದಲ ಕೆಲವು ವರ್ಷಗಳು ಭಾಷೆ ಬೇರೂರುವ ಕಾಲ. ಅಕ್ಕ ಕಲಿತು ಬರಲಿ ಎಂದು ಮನೆಯವರು ತಮ್ಮನನ್ನು ಬೇರೆಲ್ಲಿಗೂ ಕರೆದೊಯ್ದಿರಲಿಲ್ಲ.

ಅಂದು ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಈ ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ? 1992ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯ ಮೂಲಕ ಈ ಪರಿಷತ್ತಿಗೆ ಶಾಸನಬದ್ಧ ಸ್ಥಾನ ಬಂದಿತು. ಅಂಗವಿಕಲರೊಡನೆ ದುಡಿಯುವ ವೃತ್ತಿಪರರ ಕೇಂದ್ರೀಯ ನೋಂದಣಿ ಪುಸ್ತಕವನ್ನು ಅದು ಕಾಪಾಡುತ್ತದೆ. ಮಾನ್ಯತೆ ಪಡೆದ ಕೋರ್ಸನ್ನು ಓದಿದವರ ಹೆಸರು ಮಾತ್ರ ಅದರಲ್ಲಿ ಸೇರುತ್ತದೆ. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ.

ಎರಡು ಎಚ್ಚರಿಕೆಗಳನ್ನು ನೆನಪಿಡಿ. ಮೊದಲನೆಯದು, ಮಾನ್ಯತೆ ಸಿಗುವುದು ಕಟ್ಟಡಕ್ಕಲ್ಲ, ಕೋರ್ಸಿಗೆ, ಅದೂ ನಿಗದಿತ ಅವಧಿಗೆ. ಒಂದು ಸಂಸ್ಥೆಯ ಪದವಿ ಕೋರ್ಸಿಗೆ ಮಾನ್ಯತೆಯಿದ್ದ ಮಾತ್ರಕ್ಕೆ ಅದೇ ಸಂಸ್ಥೆ ಹೊಸದಾಗಿ ಆರಂಭಿಸಿದ ಎಂ.ಎಸ್ಸಿ.ಗೂ ಇದೆ ಎಂದು ಭಾವಿಸಬಾರದು. ನೀವು ಸೇರುವ ಕೋರ್ಸು, ನೀವು ಸೇರುವ ವರ್ಷ, ಎರಡನ್ನೂ ಪರಿಷತ್ತಿನ ಜಾಲತಾಣದ ಪಟ್ಟಿಯಲ್ಲಿ ನೋಡಿ. ಎರಡನೆಯದು, ಎಲ್ಲ ಡಿಪ್ಲೊಮಾಗಳೂ ಸುಳ್ಳಲ್ಲ. ಶ್ರವಣ, ಭಾಷೆ ಮತ್ತು ವಾಕ್ ಕುರಿತ ಒಂದು ವರ್ಷದ ಡಿಪ್ಲೊಮಾಕ್ಕೆ ಪರಿಷತ್ತಿನ ಮಾನ್ಯತೆಯಿದೆ. ಆದರೆ ಅದು ಸಹಾಯಕರನ್ನು ತಯಾರು ಮಾಡುವ ಕೋರ್ಸು. ಅದನ್ನು ಓದಿದವರು ಎಂ.ಎಸ್ಸಿ.ಗೆ ಅರ್ಹರಾಗುವುದಿಲ್ಲ.

ಎಲ್ಲಿ ಓದಬಹುದು?

ಕನ್ನಡದ ವಿದ್ಯಾರ್ಥಿಗಳ ಅದೃಷ್ಟವೆಂದರೆ ಈ ಕ್ಷೇತ್ರದ ದೊಡ್ಡ ಸರ್ಕಾರಿ ಸಂಸ್ಥೆ ನಮ್ಮಲ್ಲೇ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಕೇಂದ್ರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಅಡಿಯಲ್ಲಿರುವ ಸ್ವಾಯತ್ತ ಸಂಸ್ಥೆ ಇದು. ಕನ್ನಡ ನಾಟಕಕಾರರೆಂದು ಹೆಸರಾದ ನ. ರತ್ನ ಅವರು ಇದರ ನಿರ್ದೇಶಕರಾಗಿದ್ದರು. ಇಲ್ಲಿ ಬಿ.ಎ.ಎಸ್‌.ಎಲ್‌.ಪಿ.ಯಿಂದ ಪಿಎಚ್.ಡಿ.ವರೆಗೆ ಓದಬಹುದು. ಪದವಿಗಳು ಮೈಸೂರು ವಿಶ್ವವಿದ್ಯಾನಿಲಯದವು. ಪ್ರವೇಶಕ್ಕೆ ರಾಷ್ಟ್ರಮಟ್ಟದ ಪರೀಕ್ಷೆಯಿದೆ, ಕೇಂದ್ರ ಸರ್ಕಾರದ ನಿಯಮದಂತೆ ಮೀಸಲಾತಿಯಿದೆ. ಶುಲ್ಕ ಖಾಸಗಿ ಸಂಸ್ಥೆಗಳಿಗಿಂತ ಕಡಿಮೆ. ಜೊತೆಗೆ ವಿದ್ಯಾರ್ಥಿ ವೇತನವೂ ಇದೆ.

ಕೇಂದ್ರ ಸರ್ಕಾರದ ಇನ್ನೊಂದು ಸಂಸ್ಥೆ ಮುಂಬಯಿಯ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ. 1983ರಲ್ಲಿ ಸ್ಥಾಪನೆಯಾದ ಇದಕ್ಕೆ ಸಿಕಂದರಾಬಾದ್, ಕೋಲ್ಕತ್ತ ಮೊದಲಾದೆಡೆ ಪ್ರಾದೇಶಿಕ ಕೇಂದ್ರಗಳಿವೆ. ಬೀದರ್, ಕಲಬುರಗಿ, ರಾಯಚೂರು ಕಡೆಯ ವಿದ್ಯಾರ್ಥಿಗಳಿಗೆ ಮೈಸೂರಿಗಿಂತ ಸಿಕಂದರಾಬಾದೇ ಹತ್ತಿರ. ನೆರೆಯ ಕೇರಳದ ತಿರುವನಂತಪುರದಲ್ಲಿ 1997ರಿಂದ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆಯಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮಂಗಳೂರು, ಮಣಿಪಾಲ, ಮೈಸೂರು, ಧಾರವಾಡಗಳಲ್ಲಿ ಖಾಸಗಿ ಸಂಸ್ಥೆಗಳು ಈ ವಿಷಯವನ್ನು ಕಲಿಸುತ್ತವೆ. ಇವುಗಳ ಶುಲ್ಕ ಸಂಸ್ಥೆಯಿಂದ ಸಂಸ್ಥೆಗೆ ಬಹಳ ಬದಲಾಗುತ್ತದೆ. ವರ್ಷದಿಂದ ವರ್ಷಕ್ಕೂ ಏರುತ್ತದೆ. ಆದ್ದರಿಂದ ಇಲ್ಲಿ ಅಂಕಿ ಕೊಡುವ ಬದಲು, ಅಂಕಿಗಳನ್ನು ತೂಗುವ ಬಗೆಯನ್ನು ಹೇಳುವುದು ಮೇಲು.

ಶುಲ್ಕವೊಂದೇ ಖರ್ಚಲ್ಲ

ಪ್ರಯೋಗಾಲಯದಲ್ಲಿ ನಾವು ಒಂದೇ ಅಳತೆಯನ್ನು ನಂಬುವುದಿಲ್ಲ. ಇಲ್ಲಿಯೂ ಹಾಗೆಯೇ. ಒಂದು ಹಾಳೆಯಲ್ಲಿ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಹಾಸ್ಟೆಲು, ಊಟ, ಪ್ರಯಾಣ, ಪುಸ್ತಕ, ಪ್ರಬಂಧ ಸಿದ್ಧಪಡಿಸುವ ವೆಚ್ಚ ಇವನ್ನು ಕೂಡಿಸಿ. ಸಿಗುವ ವಿದ್ಯಾರ್ಥಿ ವೇತನವನ್ನು ಕಳೆಯಿರಿ. ಸಾಲ ಮಾಡುವುದಾದರೆ ಬಡ್ಡಿಯನ್ನು ಸೇರಿಸಿ. ಬರುವ ಮೊತ್ತವೇ ನಿಜವಾದ ಬೆಲೆ.

ಒಂದು ಉದಾಹರಣೆ ನೋಡೋಣ. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು, ಯಾವ ಸಂಸ್ಥೆಯವೂ ಅಲ್ಲ. 'ಅ' ಕಾಲೇಜು ದೂರದ ನಗರದಲ್ಲಿದೆ. ವರ್ಷಕ್ಕೆ ಶುಲ್ಕ 60 ಸಾವಿರ, ವಾಸ ಮತ್ತು ಊಟಕ್ಕೆ 1 ಲಕ್ಷ 20 ಸಾವಿರ. 'ಆ' ಕಾಲೇಜಿನ ಶುಲ್ಕ ಇದರ ಇಮ್ಮಡಿ, 1 ಲಕ್ಷ 20 ಸಾವಿರ. ಆದರೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬಹುದು, ಅದಕ್ಕೆ 25 ಸಾವಿರ ಸಾಕು. 'ಇ' ಸರ್ಕಾರಿ ಸಂಸ್ಥೆ. ಶುಲ್ಕ 50 ಸಾವಿರ, ಹಾಸ್ಟೆಲು ಮತ್ತು ಊಟ 60 ಸಾವಿರ, ವಿದ್ಯಾರ್ಥಿ ವೇತನ 50 ಸಾವಿರ. ಎರಡು ವರ್ಷಕ್ಕೆ 'ಅ' ಕಾಲೇಜಿನ ಒಟ್ಟು ಖರ್ಚು 3 ಲಕ್ಷ 60 ಸಾವಿರ, 'ಆ' ಕಾಲೇಜಿನದು 2 ಲಕ್ಷ 90 ಸಾವಿರ, 'ಇ' ಸಂಸ್ಥೆಯದು 1 ಲಕ್ಷ 20 ಸಾವಿರ. ಶುಲ್ಕ ಅರ್ಧವಿದ್ದ ಕಾಲೇಜೇ ಕೊನೆಗೆ ದುಬಾರಿಯಾಯಿತು. ನಿಮ್ಮ ಊರು ಯಾವುದು ಎಂಬುದರ ಮೇಲೆ ಅಗ್ಗದ ಕಾಲೇಜು ಯಾವುದು ಎಂಬುದು ಬದಲಾಗುತ್ತದೆ.

ಈ ಲೆಕ್ಕದಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಸರ್ಕಾರಿ ಸಂಸ್ಥೆಯ ಪ್ರವೇಶ ಪರೀಕ್ಷೆಗೆ ಆರು ತಿಂಗಳು ಕುಳಿತು ಓದುವುದರಿಂದ ಉಳಿಯುವ ಹಣ, ಯಾವುದೇ ವಿದ್ಯಾರ್ಥಿ ವೇತನಕ್ಕಿಂತ ದೊಡ್ಡದಿರಬಹುದು.

ನೆರವು ಮತ್ತು ಸಾಲ

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನಗಳಿವೆ. ಕರ್ನಾಟಕದಲ್ಲಿ ಇವಕ್ಕೆ ರಾಜ್ಯ ವಿದ್ಯಾರ್ಥಿ ವೇತನ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು. ಕೇಂದ್ರದ ಯೋಜನೆಗಳಿಗೆ ರಾಷ್ಟ್ರೀಯ ವಿದ್ಯಾರ್ಥಿ ವೇತನ ಜಾಲತಾಣವಿದೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಪ್ರತ್ಯೇಕ ವೇತನ ಇರುವುದೂ ಅಲ್ಲಿಯೇ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಹಾಗೂ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯನ್ನು ಪ್ರವೇಶಕ್ಕೆ ಮುನ್ನವೇ ಸಿದ್ಧ ಮಾಡಿಕೊಳ್ಳಿ. ಅರ್ಹತೆಯಿದ್ದೂ ಕೊನೆಯ ದಿನಾಂಕ ತಪ್ಪಿಸಿಕೊಂಡವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಶಿಕ್ಷಣ ಸಾಲವನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ನಿಮ್ಮ ಪಾಲಿನ ಹಣವನ್ನಾಗಲಿ, ಆಸ್ತಿಯ ಅಡಮಾನವನ್ನಾಗಲಿ ಕೇಳುವುದಿಲ್ಲ. ಓದಿನ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮಲಗುವುದಿಲ್ಲ. 4 ಲಕ್ಷ ಸಾಲ, ಶೇಕಡ 10ರ ಬಡ್ಡಿ ಎಂದು ಹಿಡಿಯಿರಿ. ಎರಡು ವರ್ಷದ ಓದು, ಒಂದು ವರ್ಷದ ಬಿಡುವು, ಒಟ್ಟು ಮೂರು ವರ್ಷಕ್ಕೆ ಸರಳ ಬಡ್ಡಿಯೇ 1 ಲಕ್ಷ 20 ಸಾವಿರ. ಅದನ್ನು ಅಸಲಿಗೆ ಸೇರಿಸಿ 5 ಲಕ್ಷ 20 ಸಾವಿರವನ್ನು ಏಳು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 8,630 ರೂಪಾಯಿ ಕಟ್ಟಬೇಕು. ಒಟ್ಟು ಕಟ್ಟಿದ್ದು ಸುಮಾರು 7 ಲಕ್ಷ 25 ಸಾವಿರ. ಓದುವಾಗಲೇ ತಿಂಗಳಿಗೆ 3,333 ರೂಪಾಯಿಯಂತೆ ಬಡ್ಡಿಯನ್ನು ತೀರಿಸುತ್ತ ಬಂದರೆ ಮುಂದಿನ ಕಂತು ಸುಮಾರು 6,640ಕ್ಕೆ ಇಳಿಯುತ್ತದೆ, ಒಟ್ಟಿನಲ್ಲಿ 47 ಸಾವಿರದಷ್ಟು ಉಳಿಯುತ್ತದೆ. ಈ ಲೆಕ್ಕವನ್ನು ಗಣಿತದ ತರಗತಿಯಲ್ಲೇ ಮಾಡಿಸಬಹುದು.

ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು, ಸಂಸ್ಥೆಯೂ ನಿಯಮಕ್ಕೆ ಒಳಪಟ್ಟಿದ್ದರೆ, ಕಂತಿಲ್ಲದ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯಿದೆ. ಈ ಸಹಾಯ ಒಬ್ಬರಿಗೆ ಒಮ್ಮೆ ಮಾತ್ರ, ಪದವಿಗೆ ಅಥವಾ ಸ್ನಾತಕೋತ್ತರಕ್ಕೆ. ಯಾವುದಕ್ಕೆ ದೊಡ್ಡ ಸಾಲ ಬೇಕಾಗುತ್ತದೆ ಎಂದು ಯೋಚಿಸಿ ಬಳಸಿ.

ವಿದೇಶದ ಮಾತು

"ಅಮೆರಿಕದಲ್ಲಿ ಓದಿದರೆ?" ಎಂಬ ಪ್ರಶ್ನೆಯೂ ಬರುತ್ತದೆ. ಅಲ್ಲಿ ವಾಕ್-ಭಾಷಾ ತಜ್ಞರಾಗಲು ಸ್ನಾತಕೋತ್ತರ ಪದವಿ ಕಡ್ಡಾಯ. ಅಮೆರಿಕದ ವಾಕ್-ಭಾಷಾ-ಶ್ರವಣ ಸಂಘದ 2020ರ ಮಾನದಂಡದಂತೆ ಪ್ರಮಾಣೀಕೃತ ತಜ್ಞರಾಗಲು 400 ಗಂಟೆಗಳ ಚಿಕಿತ್ಸಾ ಅನುಭವ, ಒಂದು ರಾಷ್ಟ್ರೀಯ ಪರೀಕ್ಷೆ ಮತ್ತು ಪದವಿಯ ನಂತರ 36 ವಾರಗಳ, ಅಂದರೆ 1,260 ಗಂಟೆಗಳ ಮೇಲ್ವಿಚಾರಣೆಯ ದುಡಿಮೆ ಬೇಕು. ಆ ಮಾನದಂಡದಲ್ಲಿ ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರ ಓದಿರಬೇಕೆಂಬ ಷರತ್ತೂ ಇದೆ! ಬೇರೆ ವಿಷಯದ ಪದವೀಧರರು ಪೂರ್ವಭಾವಿ ಕೋರ್ಸುಗಳನ್ನು ಮುಗಿಸಿ ಸೇರಲು ಅಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ.

ಖರ್ಚಿನ ಮಟ್ಟಿಗೆ ಒಂದು ಸೂಕ್ಷ್ಮವಿದೆ. ಅಮೆರಿಕದ ರಾಜ್ಯ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದ ನಿವಾಸಿಗಳಿಗೆ ಕಡಿಮೆ ಶುಲ್ಕ, ಹೊರಗಿನವರಿಗೆ ಹೆಚ್ಚು ಶುಲ್ಕ ವಿಧಿಸುತ್ತವೆ. ಪಟ್ಟಿಗಳಲ್ಲಿ 'ಅಗ್ಗದ ವಿಶ್ವವಿದ್ಯಾಲಯ' ಎಂದು ಕಾಣುವುದು ಸಾಮಾನ್ಯವಾಗಿ ನಿವಾಸಿಗಳ ಶುಲ್ಕವನ್ನು ಹಿಡಿದು. ಭಾರತದಿಂದ ಹೋದವರು ಎರಡನೆಯ ಅಂಕಿಯನ್ನು ನೋಡಬೇಕು. ಬೋಧನಾ ಸಹಾಯಕ ಅಥವಾ ಸಂಶೋಧನಾ ಸಹಾಯಕ ಹುದ್ದೆ ದೊರೆತು ಶುಲ್ಕ ಮನ್ನಾ ಆದರೆ ಮಾತ್ರ ಲೆಕ್ಕ ಹಗುರವಾಗುತ್ತದೆ. ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ವೃತ್ತಿಸಂಘಗಳ ನಡುವೆ ಪರಸ್ಪರ ಮನ್ನಣೆಯ ಒಪ್ಪಂದವಿದೆ, ಭಾರತ ಅದರಲ್ಲಿಲ್ಲ. ಆದ್ದರಿಂದ ಇಲ್ಲಿ ಓದಿ ಅಲ್ಲಿ ದುಡಿಯಲು ಬಯಸುವವರು ತಮ್ಮ ಪಠ್ಯಕ್ರಮ ಮತ್ತು ಚಿಕಿತ್ಸಾ ಗಂಟೆಗಳ ದಾಖಲೆಯನ್ನು ಮೊದಲ ದಿನದಿಂದಲೇ ಜೋಪಾನ ಮಾಡಬೇಕು.

ಕಾಲೇಜಿಗೆ ಹೋದಾಗ ಕೇಳಿ

ಅಗ್ಗವಾಗಿ ಸಿಕ್ಕಿದ ಪದವಿಯಲ್ಲಿ ಕಲಿಕೆ ಇಲ್ಲದಿದ್ದರೆ ಅದೂ ನಷ್ಟವೇ. ಸೇರುವ ಮುನ್ನ ಒಮ್ಮೆ ಖುದ್ದಾಗಿ ಹೋಗಿ ನೋಡಿ. ಕ್ಲಿನಿಕ್ಕಿಗೆ ದಿನಕ್ಕೆ ಎಷ್ಟು ಜನ ರೋಗಿಗಳು ಬರುತ್ತಾರೆ? ಮಕ್ಕಳಷ್ಟೇ ಬರುತ್ತಾರೆಯೇ, ಪಾರ್ಶ್ವವಾಯು ಪೀಡಿತರೂ ಬರುತ್ತಾರೆಯೇ? ಒಬ್ಬ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದಾರೆ? ಶುಲ್ಕ ಎರಡನೆಯ ವರ್ಷ ಏರುತ್ತದೆಯೇ? ಹಿಂದಿನ ತಂಡದವರು ಎಲ್ಲಿ ದುಡಿಯುತ್ತಿದ್ದಾರೆ? ಕಚೇರಿಯವರ ಉತ್ತರದ ಜೊತೆಗೆ ಹಾಸ್ಟೆಲಿನಲ್ಲಿರುವ ಹಿರಿಯ ವಿದ್ಯಾರ್ಥಿಗಳ ಉತ್ತರವನ್ನೂ ಕೇಳಿ.

ಕ್ಲಿನಿಕ್ಕಿನಲ್ಲಿ ಯಾವ ಭಾಷೆಯಾಡುವವರು ಬರುತ್ತಾರೆ ಎಂಬುದೂ ಮುಖ್ಯ. ಭೌತಶಾಸ್ತ್ರದ ಸೂತ್ರ ಎಲ್ಲ ಭಾಷೆಗೂ ಒಂದೇ, ಮಾತಿನ ಚಿಕಿತ್ಸೆ ಹಾಗಲ್ಲ. 'ಳ' ಮತ್ತು 'ಲ'ಗಳ ಭೇದ, ಒತ್ತಕ್ಷರ, 'ಹಾಲು' 'ಹಲ್ಲು'ಗಳ ನಡುವಿನ ವ್ಯತ್ಯಾಸ ಇವನ್ನು ಕನ್ನಡದ ಮಗುವಿನೊಡನೆ ಕನ್ನಡದಲ್ಲಿಯೇ ಕಲಿಯಬೇಕು. ಹಳ್ಳಿಯಲ್ಲಿ ಬೆಳೆದು, ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ಇದು ಕೊರತೆಯಲ್ಲ, ಬಂಡವಾಳ. ಧಾರವಾಡದ ಮಾತು, ಕುಂದಾಪುರದ ಮಾತು, ಚಾಮರಾಜನಗರದ ಮಾತು ಬೇರೆ ಬೇರೆ ಎಂದು ತಿಳಿದವರು, ದೋಷ ಯಾವುದು, ಊರಿನ ಸೊಗಡು ಯಾವುದು ಎಂದು ಸುಲಭವಾಗಿ ಗುರುತಿಸಬಲ್ಲರು.

ನನ್ನ ಆ ವಿದ್ಯಾರ್ಥಿನಿ ಸೋತು ಕುಳಿತುಕೊಳ್ಳಲಿಲ್ಲ. ಮತ್ತೆ ಪ್ರವೇಶ ಪರೀಕ್ಷೆ ಬರೆದು, ಮಾನ್ಯತೆಯಿರುವ ಪದವಿಗೆ ಸೇರಿ, ಕೆಲ ಕಾಲ ದುಡಿದು, ಆಮೇಲೆ ಎಂ.ಎಸ್ಸಿ. ಮುಗಿಸಿದಳು. ಈಗ ಅವಳ ಬಳಿ ಬರುವ ಮಕ್ಕಳು ಮಾತು ಕಲಿಯುತ್ತಿದ್ದಾರೆ. ತಮ್ಮನ ಕೈಸನ್ನೆಗಳು ಮನೆಯವರಿಗೆಲ್ಲ ಅರ್ಥವಾಗುತ್ತವೆ, ಆದರೆ ಅವನಿಗೆ ಮಾತು ಹೆಚ್ಚು ಬರಲಿಲ್ಲ. ಅವಳು ಎಂದೂ ನನ್ನನ್ನು ದೂರಲಿಲ್ಲ. ಆದರೂ ಆ ಕರಪತ್ರ ನನಗೆ ನೆನಪಿದೆ.

ಶಿಕ್ಷಕರೇ, ನಿಮ್ಮ ಮುಂದೆಯೂ ಒಬ್ಬ ತಂದೆ ಕರಪತ್ರ ಹಿಡಿದು ನಿಲ್ಲಬಹುದು. ಶುಲ್ಕದ ಅಂಕಿಯನ್ನು ಆಮೇಲೆ ನೋಡಿ. ಮೊದಲು ಮಾನ್ಯತೆಯ ಪಟ್ಟಿಯನ್ನು ತೆಗೆಯಿರಿ. ಅದಕ್ಕೆ ಐದು ನಿಮಿಷ ಸಾಕು. ಹಾಗೆಯೇ ನಿಮ್ಮ ತರಗತಿಯಲ್ಲಿ 'ತಾದೆ' ಎನ್ನುವ ಮಗುವಿದ್ದರೆ, ನಗುವವರನ್ನು ತಡೆದು, ಮಗುವಿನ ತಂದೆ ತಾಯಿಯರನ್ನು ಒಮ್ಮೆ ಶಾಲೆಗೆ ಕರೆಸಿ ಮಾತಾಡಿ.